ಅಗಲ ಟೈರ್ ಹಾಕಿಸುವವರೇ ಹುಷಾರು: ಅಂಚು ಮಡಿಸುತ್ತೇವೆ ಅಂತ ಹೇಳಿ ಕೊಯ್ದುಬಿಡುತ್ತಾರೆ

ಮಂಗಳೂರಿನಲ್ಲಿ ಕಾರಿಗೆ ಅಗಲ ಟೈರ್ ಹಾಕಿಸಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಆದರೆ ನಡೆದದ್ದನ್ನು ಹೇಳದೆ ಬಿಡುವುದಿಲ್ಲ.

ನನ್ನದು 2012ರ ಸ್ವಿಫ್ಟ್ ಎಲ್‌ಎಕ್ಸ್‌ಐ. ಕಂಪನಿಯಿಂದ ಬಂದ ಟೈರ್ 165/80 ಆರ್14, ಅಂದರೆ 165 ಮಿಲಿಮೀಟರ್ ಅಗಲ, 14 ಇಂಚಿನ ರಿಮ್. ಹಾಕಿಸಿದ್ದು 205/60 ಆರ್15, ಅಲಾಯ್ ರಿಮ್ ಸಮೇತ. ಎತ್ತರ ಹೆಚ್ಚುಕಡಿಮೆ ಒಂದೇ, ಅಗಲ 40 ಮಿಲಿಮೀಟರ್ ಜಾಸ್ತಿ. ಹಿಂದೆ ವೀಲ್ ಆರ್ಚಿನ, ಅಂದರೆ ಚಕ್ರದ ಮೇಲಿನ ತಗಡಿನ ಕಮಾನಿನ, ಒಳಅಂಚಿಗೆ ಟೈರ್ ತಾಗುತ್ತದೆ, ಅಂಚು ಮಡಿಸಬೇಕು ಅಂತ ಗ್ಯಾರೇಜಿನವರೇ ಹೇಳಿದರು. ಅದು ಸರಿಯೇ. ಚಕ್ರ ಬಿಚ್ಚಿ, ಅದು ಕೂರುವ ಹಬ್‌ಗೆ ರೋಲರ್ ಅನ್ನುವ ಉಪಕರಣ ಕಟ್ಟಿ, ಪೇಂಟ್ ಒಡೆಯದ ಹಾಗೆ ಹೀಟ್ ಗನ್ ಹಿಡಿದು, ನಿಧಾನಕ್ಕೆ ಅಂಚನ್ನು ಒಳಗೆ ಮಡಿಸುತ್ತಾರೆ. ಕೊಯ್ಯುವ ಪ್ರಶ್ನೆಯೇ ಇಲ್ಲ.

"ರೋಲರ್ ಉಂಟಾ?" ಅಂತ ಕೇಳಿದ್ದೆ.

"ಉಂಟು ಸರ್, ನೀವು ಟೆನ್ಶನ್ ಮಾಡ್ಬೇಡಿ."

ಅಂಚಿನ ಕೆಲಸಕ್ಕೇ 9,000 ರೂಪಾಯಿ ತೆಗೆದುಕೊಂಡರು. ಗಾಡಿ ಕೊಡುವಾಗ ಆರ್ಚಿನ ಒಳಗೆ ಕಪ್ಪು ಅಂಡರ್‌ಬಾಡಿ ಕೋಟಿಂಗ್ ದಪ್ಪಗೆ ಹೊಡೆದಿದ್ದರು. "ಇದು ಫ್ರೀ ಸರ್, ಮಳೆಗಾಲಕ್ಕೆ ಒಳ್ಳೇದು." ಫ್ರೀ! ಈಗ ನೆನೆದರೂ ಮೈ ಉರಿಯುತ್ತದೆ.

ಮಳೆ ಶುರುವಾದ ಮೇಲೆ ಅತ್ತೆ ಮಾವನನ್ನು ಕೂರಿಸಿಕೊಂಡು ಕೊಲ್ಲೂರಿಗೆ ಹೋದೆವು. ಹೈವೇಯಲ್ಲಿ ಗುಂಡಿ ಬಂದಾಗಲೆಲ್ಲ ಹಿಂದಿನಿಂದ ಕರ್ ಕರ್ ಅಂತ ಸದ್ದು. ಕೊಲ್ಲೂರಿನಲ್ಲಿ ಡಿಕ್ಕಿ ತೆಗೆದರೆ ಬ್ಯಾಗಿನ ಅಡಿಯೆಲ್ಲ ಒದ್ದೆ. ದೇವರಿಗೆ ಒಪ್ಪಿಸಲು ಅತ್ತೆ ತಂದ ಸೀರೆಗೆ ಕೆಸರು ನೀರು. ಮಾವ ಒಂದು ಮಾತೂ ಆಡಲಿಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ.

ವಾಪಸ್ ಬರುವಾಗ ಉಡುಪಿಯಲ್ಲಿ ತಗಡು ಕೆಲಸ ಮಾಡುವ ಗುರುತಿನ ಟಿಂಕರ್ ಒಬ್ಬರಿಗೆ ತೋರಿಸಿದೆ. ಅವರು ಚಕ್ರ ಬಿಚ್ಚಿ ಸ್ಕ್ರೂಡ್ರೈವರಿನ ತುದಿಯಿಂದ ಕೋಟಿಂಗ್ ಕೆರೆದರು. ಅಡಿಯಲ್ಲಿ ತಗಡು ಇಲ್ಲ, ಬರೀ ಪುಟ್ಟಿ. ಒತ್ತಿದ್ದೇ ತಡ, ಹಪ್ಪಳದ ಹಾಗೆ ಮುರಿದು ಬಿತ್ತು. ಅದರ ಹಿಂದೆ ಒಳತಗಡು, ಹೊರತಗಡು ಬೇರೆಯಾಗಿ ಬಾಯಿ ಬಿಟ್ಟಿದ್ದವು, ಬೆರಳು ತೂರುವಷ್ಟು. ಅಂಚಿನುದ್ದಕ್ಕೂ ಗ್ರೈಂಡರಿನ ಗೀರು. ಆಗಲೇ ಕೆಂಪು ತುಕ್ಕು. ಆ ಎರಡು ತಗಡು ಸೇರಿಸಿ ಸ್ಪಾಟ್ ವೆಲ್ಡ್ ಮಾಡಿರುವುದೇ ಆ ಅಂಚಿನಲ್ಲಿ. ಅಂಚು ಕೊಯ್ದರೆ ವೆಲ್ಡೂ ಹೋಯಿತು, ನೀರು ತಡೆಯುವ ಸೀಲೂ ಹೋಯಿತು. ನಮ್ಮ ಉಪ್ಪು ಗಾಳಿಗೆ, ಈ ಮಳೆಗೆ ಬರೀ ತಗಡು ಎಷ್ಟು ದಿನ ನಿಲ್ಲುತ್ತದೆ ಹೇಳಿ!

ಅಲ್ಲಿಂದಲೇ ಗ್ಯಾರೇಜಿಗೆ ಫೋನ್ ಮಾಡಿದೆ.

"ಮಡಿಸಿದ್ರೂ ಕಟ್ ಮಾಡಿದ್ರೂ ಒಂದೇ ಅಲ್ವಾ ಸರ್, ಟೈರ್ ಕೂತಿತಲ್ಲ?"

ಈಗಲೂ ತಾಗುತ್ತದೆ ಅಂದೆ.

"ಹಿಂದೆ ಜನ ಕೂರಿಸಿದ್ರೆ ತಾಗ್ತದೆ ಸರ್. ಲೋಡ್ ಹಾಕ್ಬಾರ್ದು."

ಐದು ಜನರ ಕಾರಿನಲ್ಲಿ ಹಿಂದೆ ಜನ ಕೂರಿಸಬಾರದಂತೆ! ಆಫ್‌ಸೆಟ್ ಕಮ್ಮಿ ಇರುವ ಅಲಾಯ್ ಕೊಟ್ಟು ಚಕ್ರ ಇನ್ನಷ್ಟು ಹೊರಗೆ ಬರುವ ಹಾಗೆ ಮಾಡಿದ್ದೂ ಅವರೇ. ಫೋಟೋ ಕಳಿಸಿದರೆ "ತುಕ್ಕು ಮೊದಲೇ ಇತ್ತು" ಅಂತ ಉತ್ತರ. ಮೊದಲೇ ಇದ್ದರೆ ಯಾಕೆ ಹೇಳಲಿಲ್ಲ? ಅದಕ್ಕೆ ಉತ್ತರವಿಲ್ಲ. ಕಂಪ್ಲೇಂಟ್ ಕೊಡುತ್ತೇನೆ ಅಂದಾಗ ಮಾತ್ರ ಧ್ವನಿಯೇ ಬದಲಾಯಿತು. "ಕೊಡಿ ಸರ್. ಆಲ್ಟರೇಶನ್ ಮಾಡಿಸಿದ್ದು ನೀವು. ಆರ್‌ಟಿಓದವ್ರು ಹಿಡಿಯುದು ನಿಮ್ಮನ್ನೇ."

ಕಾನೂನು ಹಾಗೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಅದರ ಜೊತೆಗೆ 2019ರ ತಿದ್ದುಪಡಿ. ಅನುಮತಿ ಇಲ್ಲದ ಒಂದೊಂದು ಮಾರ್ಪಾಡಿಗೂ ಗಾಡಿಯ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಇದು ಗೊತ್ತಿದ್ದೂ ಅಡ್ವಾನ್ಸ್ ತೆಗೆದುಕೊಳ್ಳುವಾಗ ಬಾಯಿ ಬಿಡಲಿಲ್ಲ. ಕೆಲಸ ಕೆಡಿಸಿದ ಮೇಲೆ ಅದನ್ನೇ ಹೇಳಿ ಹೆದರಿಸುತ್ತಾರೆ. ಬಿಲ್ಲಿನಲ್ಲಿ ಬರೆದಿರುವುದೂ ಬರೀ "ಪೇಂಟಿಂಗ್".

ರೋಲರನ್ನು ಕಣ್ಣಾರೆ ನೋಡದೆ ಕೀ ಕೊಡಬೇಡಿ. ಎದುರೇ ನಿಂತು ಮಾಡಿಸಿ. ಕೋಟಿಂಗ್ ಹೊಡೆಯುವ ಮೊದಲು ಆರ್ಚಿನ ಒಳಗೆ ಕೈ ಹಾಕಿ ಅಂಚು ಮುಟ್ಟಿ ನೋಡಿ. ಫ್ರೀ ಅಂದರೆ ಇನ್ನೂ ಹುಷಾರು. ಇದೇ ಸ್ವಿಫ್ಟಿನ ದುಬಾರಿ ಮಾದರಿ ಝಡ್‌ಎಕ್ಸ್‌ಐಗೆ ಕಂಪನಿಯೇ 185/65 ಆರ್15 ಕೊಟ್ಟಿತ್ತು. ಅದಕ್ಕೆ ಆರ್ಚ್ ಮುಟ್ಟುವುದೇ ಬೇಡ. ಇದನ್ನೂ ಅವರು ಹೇಳಲಿಲ್ಲ, ಹೇಳಿದರೆ 9,000 ಎಲ್ಲಿಂದ ಬರುತ್ತದೆ?

ಈಗ ಎರಡೂ ಬದಿ ಕೊಳೆತ ಭಾಗ ತೆಗೆದು ಹೊಸ ತಗಡು ವೆಲ್ಡ್ ಮಾಡಬೇಕಂತೆ. ನನ್ನ ಹಳೇ ಟೈರ್, ರಿಮ್ ಆದರೂ ವಾಪಸ್ ಕೊಡಿ ಅಂತ ಕೇಳಿದೆ. "ಅದು ಗುಜರಿಗೆ ಹೋಯ್ತು ಸರ್." ಗುಜರಿಯ ದುಡ್ಡು ಯಾರಿಗೆ ಹೋಯಿತು ಅಂತ ಕೇಳಿದ್ದಕ್ಕೆ ನನ್ನ ನಂಬರ್ ಬ್ಲಾಕ್ ಮಾಡಿದ್ದಾರೆ.