ನಕಿರಿ ಚಾಕು: ಮೂರು ವರ್ಷ ಹುಳಿ-ಪಲ್ಯಕ್ಕೆ ಹೆಚ್ಚಿದ ಮೇಲೆ

ಚಾಕು ಮನೆಗೆ ಬಂದ ಹನ್ನೊಂದನೇ ದಿನ ಅದರ ಬಾಯಿ ಮುಕ್ಕಾಯಿತು. ಗೌರಿ ಹಬ್ಬದ ಹಿಂದಿನ ದಿನ. ತುಮಕೂರಿನಿಂದ ಚಿಕ್ಕಮ್ಮ ಬಂದಿದ್ದರು. ಕಾಯಿ ಒಡೆದು, ಚಿಪ್ಪಿನಿಂದ ಕಾಯಿ ಎಬ್ಬಿಸಲು ಕೈಗೆ ಏನು ಸಿಕ್ಕಿತೋ ಅದನ್ನು ತಗೊಂಡರು. ಸಿಕ್ಕಿದ್ದು ನನ್ನ ಹೊಸ ಜಪಾನಿ ಚಾಕು. ಚಿಪ್ಪಿಗೂ ಕಾಯಿಗೂ ನಡುವೆ ತೂರಿಸಿ ಒಂದು ಸಲ ತಿರುಗಿಸಿದರು. 'ಟಿಕ್' ಅಂತ ಸಣ್ಣ ಸದ್ದು, ಅಷ್ಟೇ. ಬಾಯಿಯ ತುದಿ ಹತ್ತಿರ ಎರಡು ಕಡೆ ಅರ್ಧಚಂದ್ರದ ಹಾಗೆ ಚೂರು ಹಾರಿಹೋಗಿತ್ತು. "ಏನೋ ಇದು, ಇಷ್ಟು ದುಡ್ಡು ಕೊಟ್ಟು ತಂದಿದ್ದೀಯ, ಒಂದು ತೆಂಗಿನಕಾಯಿಗೆ ತಡೀಲಿಲ್ಲವಲ್ಲ!" ಅಂದರು ಚಿಕ್ಕಮ್ಮ. ಅವರ ತಪ್ಪೇನೂ ಇಲ್ಲ. ಹೇಳದೇ ಇದ್ದದ್ದು ನಾನು.

ಅದು 2022ರ ಆಗಸ್ಟ್. ಆಮೇಲೆ ಮೂರು ವರ್ಷಕ್ಕೂ ಜಾಸ್ತಿ ಅದೇ ಚಾಕುವಿನಲ್ಲಿ ಹೆಚ್ಚಿದ್ದೇನೆ. ಹನುಮಂತನಗರದ ನಮ್ಮ ಮನೆಯಲ್ಲಿ ಅಡುಗೆ ಮಾಡುವವರು ಮೂರು ಜನ: ಅಮ್ಮ, ಹೆಂಡತಿ, ನಾನು. ಜಪಾನಿ ಚಾಕು ತಗೋಬೇಕು ಅಂತಿರುವವರು ಮೊದಲು ಕೇಳಿಕೊಳ್ಳಬೇಕಾದ್ದು ಎರಡೇ ಪ್ರಶ್ನೆ. ಅದನ್ನು ಇನ್ಯಾರು ಮುಟ್ಟುತ್ತಾರೆ? ಸಾಣೆ ಯಾರು ಹಿಡಿಯುತ್ತಾರೆ? ನಾನು ಇವೆರಡನ್ನೂ ಕೇಳಿಕೊಳ್ಳದೆ ಬರೀ ಉಕ್ಕಿನ ಹೆಸರುಗಳನ್ನು ಓದುತ್ತಾ ಎರಡು ತಿಂಗಳು ಕಳೆದೆ.

ನನ್ನದು ನಕಿರಿ, ಅಂದರೆ ತರಕಾರಿಗೇ ಅಂತ ಮಾಡಿದ ಜಪಾನಿ ಚಾಕು. ಜಪಾನಿನ ಸೆಕಿ ಊರಲ್ಲಿ ಮಾಡಿದ್ದು. ಬಾಯಿಯ ಉದ್ದ 165 ಮಿ.ಮೀ., ಅಗಲ ಸುಮಾರು 50 ಮಿ.ಮೀ. ಮಧ್ಯದಲ್ಲಿ ವಿಜಿ-10 ಅನ್ನುವ ಗಟ್ಟಿ ಉಕ್ಕು, ಎರಡೂ ಕಡೆ ಮೆತ್ತಗಿನ ಸ್ಟೇನ್‌ಲೆಸ್ ಹೊದಿಕೆ. ಒಬ್ಬಟ್ಟಿನ ಅಂಚಿನಲ್ಲಿ ಹೂರಣ ಇಣುಕಿದ ಹಾಗೆ ಬಾಯಿಯ ಉದ್ದಕ್ಕೂ ಆ ಒಳಗಿನ ಉಕ್ಕು ಬೇರೆ ಬಣ್ಣದಲ್ಲಿ ಕಾಣುತ್ತದೆ. ಕೊಟ್ಟದ್ದು 7,800 ರೂಪಾಯಿ. ಸಾಣೆಕಲ್ಲಿಗೆ ಬೇರೆ 2,400.

ಸಾಂತೊಕು ಬಿಟ್ಟು ನಕಿರಿ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಸಾಂತೊಕು ಅಂದರೆ 'ಮೂರು ಗುಣ'. ಮಾಂಸ, ಮೀನು, ತರಕಾರಿ ಮೂರಕ್ಕೂ ಆಗುವ ಚಾಕು. ಎರಡನೇ ಮಹಾಯುದ್ಧದ ನಂತರ ಜಪಾನಿನ ಮನೆಗಳಲ್ಲಿ ಜಾಸ್ತಿ ಬಳಕೆಗೆ ಬಂದದ್ದು. ನಮ್ಮ ಮನೆಯಲ್ಲಿ ಮೂರರಲ್ಲಿ ಎರಡು ಗುಣ ಸುಮ್ನೆ ಕೂತಿರುತ್ತಿದ್ದವು. ನಕಿರಿ ಅನ್ನುವ ಹೆಸರಿಗೇ 'ಸೊಪ್ಪು-ತರಕಾರಿ ಕಡಿಯುವುದು' ಅಂತ ಅರ್ಥ. ಇನ್ನೊಂದು ಗ್ಯೂತೊ, 210 ಮಿ.ಮೀ. ಉದ್ದದ್ದು, ಹೋಟೆಲ್ ಅಡುಗೆಯವರಿಗೆ ಬಲು ಇಷ್ಟ. ಆ ಪದದ ಅಕ್ಷರಶಃ ಅರ್ಥ 'ದನದ ಕತ್ತಿ'. ಅದನ್ನು ತಂದು ಅಮ್ಮನಿಗೆ ಹೆಸರು ವಿವರಿಸುವ ಧೈರ್ಯ ನನಗಿರಲಿಲ್ಲ.

ನಕಿರಿಯ ತರಹವೇ ಕಾಣುವ ಉಸುಬಾ ಅಂತ ಒಂದಿದೆ. ಅಂಗಡಿಯಲ್ಲಿ ಮೋಸಹೋಗಬೇಡಿ. ಉಸುಬಾಕ್ಕೆ ಒಂದೇ ಕಡೆ ಸಾಣೆ. ಸಾಮಾನ್ಯವಾಗಿ ಬಲಗೈಯವರಿಗೆ ಮಾಡಿರುತ್ತಾರೆ. ನನ್ನ ಹೆಂಡತಿ ಎಡಗೈ, ಅವಳ ಕೈಯಲ್ಲಿ ಅದು ಸೊಟ್ಟಗೆ ಹೋಗುತ್ತದೆ. ನಕಿರಿಗೆ ಎರಡೂ ಕಡೆ ಸಾಣೆ ಇರುವುದರಿಂದ ಯಾವ ಕೈಯಾದರೂ ಸರಿ. ಹಿಡಿಯನ್ನೂ ನೋಡಿ ತಗೊಳ್ಳಿ. ಜಪಾನಿ ಮರದ ಹಿಡಿಗಳಲ್ಲಿ ಒಂದು ಕಡೆ ಉಬ್ಬಿರುವುದು ಬಲಗೈಗೆ ಮಾತ್ರ ಹಿತ. ಎಂಟು ಮೂಲೆಯದ್ದು ಇಬ್ಬರಿಗೂ ಒಗ್ಗುತ್ತದೆ.

ಇದಕ್ಕೂ ಮುಂಚೆ ಒಂದು ಪೆಟ್ಟು ತಿಂದಿದ್ದೆ. ಆನ್‌ಲೈನಿನಲ್ಲಿ 1,499 ರೂಪಾಯಿಗೆ 'ಡಮಾಸ್ಕಸ್ ಜಪಾನಿ ಚಾಕು' ತರಿಸಿದ್ದೆ. ಮೈಮೇಲೆಲ್ಲ ನೀರಿನ ಅಲೆಯಂಥ ಚಿತ್ತಾರ, ಮರದ ಪೆಟ್ಟಿಗೆ, ಪೆಟ್ಟಿಗೆ ಮೇಲೆ ಜಪಾನಿ ಅಕ್ಷರ. ಎರಡು ತಿಂಗಳಲ್ಲಿ ಮೊಂಡಾಯಿತು. ಕಲ್ಲಿಗೆ ಉಜ್ಜಿದಾಗ ಚಾಕುವಿನ ಕೆಳಭಾಗದಲ್ಲಿ ಅಲೆಯೇ ಅಳಿಸಿಹೋಯಿತು! ಲೇಸರ್‌ನಲ್ಲಿ ಗೀಚಿದ ಚಿತ್ರ. ನಿಜವಾಗಿ ಪದರ ಪದರ ಬೆಸೆದ ಚಾಕುವಾದರೆ ಬೆನ್ನಿನ ಮೇಲೂ ಪದರದ ಗೆರೆ ಕಾಣುತ್ತದೆ. ಇದರ ಬೆನ್ನು ಬೋಳಾಗಿತ್ತು. ಹಾಗೆ ನೋಡಿದರೆ ನಿಜವಾದ ಅಲೆಯೂ ಬಹುಮಟ್ಟಿಗೆ ಚೆಂದಕ್ಕೆ. ಕತ್ತರಿಸುವುದು ಮಧ್ಯದ ಉಕ್ಕು. ಅದಕ್ಕೇ ಎರಡನೇ ಸಲ ಅಲೆ ಇಲ್ಲದ್ದನ್ನೇ ತಗೊಂಡೆ.

ಕಾರ್ಬನ್ ಉಕ್ಕಿನ ಆಸೆಯೂ ಇತ್ತು. ಶಿರೊಗಾಮಿ, ಆಒಗಾಮಿ ಅಂತ ಹೆಸರು, ಅಂದರೆ ಬಿಳಿ ಕಾಗದ, ನೀಲಿ ಕಾಗದ. ಕಾರ್ಖಾನೆಯಲ್ಲಿ ಆ ಉಕ್ಕಿಗೆ ಸುತ್ತುತ್ತಿದ್ದ ಕಾಗದದ ಬಣ್ಣದಿಂದ ಬಂದ ಹೆಸರು. ಇವಕ್ಕೆ ಸಾಣೆ ಹಿಡಿಯುವುದು ಸುಲಭ, ಬಾಯಿ ಬ್ಲೇಡಿನ ಹಾಗೆ ಬರುತ್ತದೆ. ಆಫೀಸಿನ ಸ್ನೇಹಿತನ ಹತ್ತಿರ ಒಂದಿತ್ತು, ಒಂದು ವಾರಕ್ಕೆ ತಂದೆ. ಮೊದಲ ದಿನ ಈರುಳ್ಳಿ ಅಂಚು ಕಂದಾಯಿತು. ಎರಡನೇ ದಿನ ಮಾವಿನಕಾಯಿ ಚಿತ್ರಾನ್ನ. ಹೆಚ್ಚಿದ ಮಾವಿನಕಾಯಿಗೆ ಕಬ್ಬಿಣದ ವಾಸನೆ, ಚಾಕುವಿನ ಮೈ ನವಿಲುಗರಿಯ ನೀಲಿ. ಮೂರನೇ ದಿನ ನಿಂಬೆಹಣ್ಣು ಹೆಚ್ಚಿ, ಒರೆಸದೆ ಫೋನ್ ತಗೊಳ್ಳಲು ಹೋದೆ. ವಾಪಸ್ ಬರುವಷ್ಟರಲ್ಲಿ ಕೆಂಪು ಚುಕ್ಕೆ. ಒಬ್ಬನೇ ಅಡುಗೆ ಮಾಡುವ ಮನೆಯಲ್ಲಿ, ಪ್ರತಿ ಸಲ ಒರೆಸುವವನಿಗೆ ಅದು ಸರಿ. ಹುಣಸೆ, ನಿಂಬೆ, ಟೊಮೇಟೊ ಇಲ್ಲದೆ ಒಂದು ಹೊತ್ತೂ ಕಳೆಯದ, ಮೂರು ಜನ ಹೆಚ್ಚುವ ಮನೆಗೆ ಸ್ಟೇನ್‌ಲೆಸ್ಸೇ ಲೇಸು. ವಿಜಿ-10ರಲ್ಲಿ ಸುಮಾರು 15% ಕ್ರೋಮಿಯಂ ಇರುತ್ತದೆ, ಹುಳಿಗೆ ಜಗ್ಗುವುದಿಲ್ಲ.

ಈಗ ಹೆಚ್ಚುವ ವಿಷಯ. ಬಾಳೆದಿಂಡಿನ ಕೋಸಂಬರಿ ಮಾಡಿದವರಿಗೆ ಗೊತ್ತು. ಬಿಲ್ಲೆ ತೆಳ್ಳಗಿದ್ದಷ್ಟೂ ಒಳ್ಳೆಯದು, ಪ್ರತಿ ಬಿಲ್ಲೆಗೂ ನಾರನ್ನು ಬೆರಳಿಗೆ ಸುತ್ತಿ ತೆಗೆಯಬೇಕು. ಹಳೇ ಚಾಕುವಿನಲ್ಲಿ ದಿಂಡು ಜಜ್ಜಿ ನೀರು ಒಸರುತ್ತಿತ್ತು. ನಕಿರಿಯಲ್ಲಿ ರೂಪಾಯಿ ನಾಣ್ಯದಷ್ಟು ತೆಳು ಬಿಲ್ಲೆ ಬರುತ್ತದೆ, ನಾರು ಮಾತ್ರ ಜೇಡರ ಬಲೆಯಂತೆ ಹಿಂದೆ ಎಳೆದುಕೊಂಡು ನಿಲ್ಲುತ್ತದೆ. ಹುರುಳಿಕಾಯಿ ಹತ್ತು-ಹನ್ನೆರಡು ಒಟ್ಟಿಗೆ ಜೋಡಿಸಿ ಹೆಚ್ಚಬಹುದು. ಬಾಯಿ ನೇರ ಇರುವುದರಿಂದ ಒಂದೂ ಅರ್ಧ ಕತ್ತರಿಸಿ ಉಳಿಯುವುದಿಲ್ಲ. ಕ್ಯಾರೆಟ್ ಮಧ್ಯೆ 'ಟಪ್' ಅಂತ ಸೀಳುವುದಿಲ್ಲ. ಈರುಳ್ಳಿಗೆ ಕಣ್ಣೀರು ಕಡಿಮೆ. ಹರಿತ ಇದ್ದರೆ ಈರುಳ್ಳಿ ಜಜ್ಜುವುದಿಲ್ಲ, ಖಾರದ ರಸ ಕಡಿಮೆ ಹಾರುತ್ತದೆ. ಅಗಲವಾದ ಮೈ ಇರುವುದರಿಂದ ಹೆಚ್ಚಿದ ಕೋಸನ್ನು ಅದರಲ್ಲೇ ಬಾಚಿ ಬಾಣಲೆಗೆ ಹಾಕುತ್ತೇನೆ. ಬಾಚುವಾಗ ಬೆನ್ನಿನ ಕಡೆಯಿಂದ. ಬಾಯಿಯಿಂದ ಹಲಗೆಯನ್ನು ಕೆರೆದರೆ ಹರಿತ ಹಾಳು.

ಆಗದೇ ಇರುವುದೂ ಇದೆ. ಸುವರ್ಣಗೆಡ್ಡೆ, ಗಟ್ಟಿ ಸಿಪ್ಪೆಯ ಕುಂಬಳಕಾಯಿ, ಹಲಸು, ಬೆಲ್ಲದ ಅಚ್ಚು, ಫ್ರಿಜ್ಜಿನಿಂದ ಆಗತಾನೆ ತೆಗೆದ ಕಲ್ಲಿನಂಥ ಬಟಾಣಿ ಪೊಟ್ಟಣ, ಇವಕ್ಕೆಲ್ಲ ಮುಟ್ಟಿಸಬೇಡಿ. ಈ ಉಕ್ಕಿನ ಗಟ್ಟಿತನ ರಾಕ್‌ವೆಲ್ ಅಳತೆಯಲ್ಲಿ 60ರ ಆಸುಪಾಸು. ಜರ್ಮನ್ ಚಾಕುಗಳದ್ದು 56ರ ಹತ್ತಿರ. ಗಟ್ಟಿ ಇರುವುದಕ್ಕೇ ಬಾಯಿಯನ್ನು ಅಷ್ಟು ತೆಳ್ಳಗೆ ಮಾಡಲು ಆಗುವುದು, ಒಂದೊಂದು ಕಡೆಗೆ ಸುಮಾರು 15 ಡಿಗ್ರಿ. ಆದರೆ ಚಕ್ಕುಲಿ ಬಾಗುತ್ತದಾ? ಮುರಿಯುತ್ತದೆ. ಇದೂ ಹಾಗೇ. ನೇರ ಕೆಳಗಿಳಿದರೆ ಏನೂ ಆಗುವುದಿಲ್ಲ, ತಿರುವಿದರೆ ಮುಕ್ಕಾಗುತ್ತದೆ. ಚೂಪು ಮೂತಿ ಇಲ್ಲದ್ದರಿಂದ ಆಲೂಗಡ್ಡೆಯ ಕಣ್ಣು ತೆಗೆಯಲೂ ಆಗದು. ಅದಕ್ಕೆ ಅಮ್ಮನ ಐವತ್ತು ರೂಪಾಯಿಯ ಚಾಕು ಇವತ್ತಿಗೂ ಪಕ್ಕದಲ್ಲೇ ಇದೆ.

ಮುಕ್ಕಾದ ಬಾಯಿಗೆ ವಾಪಸ್ ಬರುತ್ತೇನೆ. ನಮ್ಮ ಬೀದಿಗೆ ಸೈಕಲ್ಲಿನಲ್ಲಿ ಸಾಣೆಯವರು ಬರುತ್ತಾರೆ. ಪೆಡಲ್ ತುಳಿದರೆ ಚಕ್ರ ತಿರುಗುತ್ತದೆ, ಕಿಡಿ ಹಾರುತ್ತದೆ. "ಕೊಡಿ ಸಾರ್, ಎರಡು ನಿಮಿಷ" ಅಂದರು. ನಾನು ಕೊಟ್ಟದ್ದು ಅಮ್ಮನ ಚಾಕು, ಕತ್ತರಿ. ನಕಿರಿ ಕೊಡಲಿಲ್ಲ. ಒಣ ಚಕ್ರದ ಬಿಸಿಗೆ ಇಷ್ಟು ತೆಳು ಬಾಯಿಯ ಹದ ಕೆಟ್ಟರೆ ಮತ್ತೆ ಹರಿತ ನಿಲ್ಲುವುದಿಲ್ಲ. ನೀರಿನ ಕಲ್ಲೇ ಗತಿ ಅಂತ ನಾನೇ ಕೂತೆ. 400 ನಂಬರಿನ ಒರಟು ಕಲ್ಲನ್ನು ಸ್ನೇಹಿತನಿಂದ ಎರವಲು ತಂದು, ಎರಡು ಸಂಜೆ, ಒಟ್ಟು ಎರಡು ಗಂಟೆ ಉಜ್ಜಿದೆ. ಮುಕ್ಕು ಹೋಯಿತು. ಚಾಕುವಿನ ಅಗಲ ಒಂದು ಕೂದಲೆಳೆ ಕಡಿಮೆಯಾಯಿತು.

ಕಲ್ಲಿನ ನಂಬರ್ ಜಾಸ್ತಿಯಾದಷ್ಟೂ ಮೈ ನುಣುಪು. ದಿನನಿತ್ಯಕ್ಕೆ ಒಂದು ಮಗ್ಗುಲು 1000, ಇನ್ನೊಂದು ಮಗ್ಗುಲು 6000 ಇರುವ ಹಾಗೆ ಅಂಟಿಸಿದ ಒಂದೇ ಕಲ್ಲು ಸಾಕು. ಕಲ್ಲನ್ನು ಹತ್ತು ನಿಮಿಷ ನೀರಲ್ಲಿ ನೆನೆಸಬೇಕು, ಗುಳ್ಳೆ ಬರುವುದು ನಿಲ್ಲುವ ತನಕ. 15 ಡಿಗ್ರಿ ಅಂದರೆ ಎಷ್ಟು ಅಂತ ಗಾಬರಿಯಾಗಬೇಡಿ. 50 ಮಿ.ಮೀ. ಅಗಲದ ಚಾಕುವಿಗೆ ಬೆನ್ನು ಕಲ್ಲಿನಿಂದ 13 ಮಿ.ಮೀ. ಮೇಲೆ ಇರಬೇಕು. ನನ್ನ ಕಿರುಬೆರಳ ಅಗಲ ಅಷ್ಟೇ. ಬೆರಳಿಟ್ಟು ನೋಡಿ, ಬೆರಳು ತೆಗೆದು, ಅದೇ ಎತ್ತರದಲ್ಲಿ ಉಜ್ಜುತ್ತೇನೆ. ಒಂದು ಕಡೆ ಉಜ್ಜಿದಾಗ ಇನ್ನೊಂದು ಕಡೆ ಬೆರಳಿಗೆ ತಡೆಯುವಂಥ ಸಣ್ಣ ಒರಟು ಅಂಚು ಏಳುತ್ತದೆ. ಅದು ಉದ್ದಕ್ಕೂ ಎದ್ದ ಮೇಲೆ ಮಗ್ಗುಲು ಬದಲಿಸಬೇಕು. ತಿಂಗಳಿಗೊಮ್ಮೆ, ಭಾನುವಾರ, ಇಪ್ಪತ್ತು ನಿಮಿಷ.

ಮೊದಲ ವರ್ಷ ಇಲ್ಲೂ ಎಡವಿದೆ. ಮಧ್ಯದಲ್ಲಿ ಜಾಸ್ತಿ ಉಜ್ಜಿ, ಎರಡು ತುದಿ ಬಿಟ್ಟುಬಿಟ್ಟಿದ್ದೆ. ಬಾಯಿಯ ನಡುವೆ ಕಣ್ಣಿಗೆ ಕಾಣದಷ್ಟು ತಗ್ಗು ಬಿತ್ತು. ಚಾಕು ಹರಿತವಾಗೇ ಇತ್ತು, ಆದರೆ ಸೌತೆಕಾಯಿ ಹೆಚ್ಚಿದರೆ ಬಿಲ್ಲೆಗಳು ಬಿಡಿಯಾಗದೆ ತೋರಣದ ಹಾಗೆ ಒಂದಕ್ಕೊಂದು ಅಂಟಿಕೊಂಡು ಮೇಲೆ ಬರುತ್ತಿದ್ದವು. ಹೆಂಡತಿ ಒಂದನ್ನು ಎತ್ತಿ ಬಾಗಿಲಿಗೆ ಹಿಡಿದು ತೋರಿಸಿದಳು. ಮೂಲ ಕಾರಣ ಕಲ್ಲು. ನಡುವೆ ಸವೆದು ಕಲ್ಲೇ ಹಳ್ಳವಾಗಿತ್ತು. ಎಸ್‌ಜೆಪಿ ರೋಡಿನ ಹಾರ್ಡ್‌ವೇರ್ ಅಂಗಡಿಯಿಂದ 120 ನಂಬರಿನ ಎಮರಿ ಪೇಪರ್ ತಂದು, ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಹಾಸಿ, ಕಲ್ಲಿನ ಮೇಲೆ ಪೆನ್ಸಿಲ್ಲಿನಲ್ಲಿ ಅಡ್ಡ ಗೆರೆ ಎಳೆದು, ನೀರು ಚಿಮುಕಿಸಿ ಉಜ್ಜಿದೆ. ಗೆರೆ ಎಲ್ಲ ಕಡೆ ಅಳಿಸಿದರೆ ಕಲ್ಲು ಸಮ ಆಯಿತು ಅಂತ ಲೆಕ್ಕ. ಅಂಚಿನ ಗೆರೆ ಬೇಗ ಹೋಯಿತು, ನಡುವಿನದು ಕಾಲು ಗಂಟೆ ಹೋಗಲೇ ಇಲ್ಲ. ಅಷ್ಟು ಹಳ್ಳ!

ಗ್ರಾನೈಟ್ ಕಟ್ಟೆ ಒಳ್ಳೆಯದಕ್ಕೆ ಬಂದದ್ದು ಆ ಒಂದೇ ಕೆಲಸಕ್ಕೆ. ನೇರ ಅದರ ಮೇಲೇ ಹೆಚ್ಚುವ ಅಭ್ಯಾಸ ಇದ್ದರೆ ಈ ಚಾಕು ತಗೋಬೇಡಿ. ಗಾಜಿನ ಹಲಗೆಯೂ ಅಷ್ಟೇ. ನಾವು ಬೇವಿನ ಮರದ ಹಲಗೆ ಇಟ್ಟುಕೊಂಡಿದ್ದೇವೆ. ಪಾತ್ರೆ ತೊಳೆಯಲು ಬರುವ ಅಕ್ಕನಿಗೆ ಮೊದಲ ತಿಂಗಳೇ ಹೇಳಿದೆವು, ಈ ಚಾಕು ಸಿಂಕಿಗೆ ಬರುವುದಿಲ್ಲ ಅಂತ. "ಬರದೇ ಇದ್ದರೆ ನಂಗೇ ಒಳ್ಳೇದು, ಕೈ ಕೊಯ್ಯುತ್ತೆ ಅದು" ಅಂದರು. ಹೆಚ್ಚಿದವರೇ ತೊಳೆದು, ಒರೆಸಿ ಇಡುವುದು ಮನೆಯ ನಿಯಮ. ಒರೆಸದಿದ್ದರೆ ನಮ್ಮ ಬೋರ್‌ವೆಲ್ ನೀರಿಗೆ ಬಿಳಿ ಕಲೆ ಕೂರುತ್ತದೆ. ಹಿಡಿಯ ಮರ ಮೊದಲ ಮಳೆಗಾಲಕ್ಕೆ ಸ್ವಲ್ಪ ಒರಟಾಗಿತ್ತು, ಎಣ್ಣೆ ಸವರಿದ ಮೇಲೆ ಸರಿಹೋಯಿತು.

ದುಡ್ಡಿಗೆ ತಕ್ಕದ್ದಾ? ನನಗೆ ಹೌದು. ಆದರೆ ಕಲ್ಲಿಗೆ ದುಡ್ಡು ಉಳಿಯುವುದಿಲ್ಲ ಅನ್ನುವಷ್ಟು ದುಬಾರಿ ಚಾಕು ತಗೋಬೇಡಿ. ಕಲ್ಲಿನ ಮುಂದೆ ಕೂರುವವರು ಮನೆಯಲ್ಲಿ ಯಾರೂ ಇಲ್ಲ ಅಂದರೆ ಈ ಹತ್ತು ಸಾವಿರ ದಂಡ. ಆರು ತಿಂಗಳಿಗೆ ಮೊಂಡಾಗುತ್ತದೆ. ಮೊಂಡಾದ ಜಪಾನಿ ಚಾಕುವಿಗಿಂತ ಹದವಾಗಿ ಸಾಣೆ ಹಿಡಿಸಿದ ಬೀದಿ ಬದಿಯ ಚಾಕು ಚೆನ್ನಾಗಿ ಹೆಚ್ಚುತ್ತದೆ, ಎರಡನ್ನೂ ಟೊಮೇಟೊ ಮೇಲೆ ಇಟ್ಟು ನೋಡಿದ್ದೇನೆ.

ಅಮ್ಮ ಇವತ್ತಿಗೂ ಪೂರ್ತಿ ಒಪ್ಪಿಲ್ಲ. ಸೊಪ್ಪು, ಹುರುಳಿಕಾಯಿಗೆ ನಕಿರಿ ತಗೊಳ್ಳುತ್ತಾರೆ, ಉಳಿದದ್ದಕ್ಕೆ ಈಳಿಗೆ ಮಣೆ ಹಾಕಿಕೊಂಡು ಕೂರುತ್ತಾರೆ. ಹೋದ ತಿಂಗಳು ನಾನು ಕಲ್ಲು ನೆನೆಹಾಕಿದ್ದು ನೋಡಿ, ಈಳಿಗೆ ಮಣೆ ತಂದು ಪಕ್ಕದಲ್ಲಿಟ್ಟರು. "ಹೆಂಗೂ ನೀರಿಗೆ ಹಾಕಿದ್ದೀಯಲ್ಲ, ಇದನ್ನೂ ಸ್ವಲ್ಪ ನೋಡು." ಅದರ ಅಲಗು ಬಾಗಿದ್ದು, ಚಪ್ಪಟೆ ಕಲ್ಲಿನ ಮೇಲೆ ಕೂರುವುದಿಲ್ಲ. ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕಲ್ಲನ್ನೇ ಕೈಯಲ್ಲಿ ತಗೊಂಡು ಅಲಗಿನ ಉದ್ದಕ್ಕೂ ಸವರಿದೆ. ನನ್ನ 6000ದ ನುಣುಪು ಮೈಗೆ ಒಂದು ಗೀರು ಬಿತ್ತು. ಆ ಗೀರು ತೆಗೆಯಲು ಈ ಭಾನುವಾರ ಮತ್ತೆ ಎಮರಿ ಪೇಪರ್ ಹಾಸಬೇಕು.