ಲಕ್ಕೋಟೆ ಕಸಿ ಗಿಡ ಅಂತ ತಂದರೆ ಮೊದಲು ಟೇಪ್ ಬಿಚ್ಚಿಸಿ

ಮನೆ ಹಿಂದೆ ಲಕ್ಕೋಟೆ (ಲೋಕ್ವಾಟ್) ಹಣ್ಣಿನ ಗಿಡ ನೆಡಬೇಕು ಅಂತಿರುವ ಕೊಡಗಿನವರು ದಯವಿಟ್ಟು ಇದನ್ನು ಓದಿ. ಮಳೆ ಶುರುವಾಗುತ್ತಿದ್ದ ಹಾಗೆ ರಸ್ತೆ ಬದಿಯಲ್ಲಿ ಪಿಕಪ್ ನಿಲ್ಲಿಸಿಕೊಂಡು ಗಿಡ ಮಾರುತ್ತಾರಲ್ಲ, ಅಂಥವನೊಬ್ಬ ನನಗೆ ಟೋಪಿ ಹಾಕಿದ.

ನನಗೆ ಬೇಕಿದ್ದದ್ದು ತನಕಾ. ಜಪಾನಿನ ತಳಿ, ಹಣ್ಣು ದೊಡ್ಡದು. ಕೆಲವು ತಳಿಗಳು ಒಂಟಿಯಾಗಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ, ಜೊತೆಗೆ ಗೋಲ್ಡನ್ ಯೆಲ್ಲೋ ಇರಲಿ ಅಂದೆ. "ಎರಡೂ ಇದೆ ಅಕ್ಕ" ಅಂದ. ಕ್ಯಾಲಿಫೋರ್ನಿಯಾ ಅಡ್ವಾನ್ಸ್? ಅದೂ ಇದೆ. ಥೇಮ್ಸ್ ಪ್ರೈಡ್? ಅದೂ ಇದೆಯಂತೆ! ಎಲ್ಲವನ್ನೂ ಒಂದೇ ಸಾಲಿನಿಂದ ಎತ್ತಿದ. ಹೆಸರಿನ ಚೀಟಿ ನನ್ನೆದುರೇ ಬರೆದು ಕಟ್ಟಿದ. ಒಂದೊಂದಕ್ಕೆ 600 ರೂಪಾಯಿ. "ಕಸಿ ಗಿಡ ಅಕ್ಕ, ಮೂರನೇ ವರ್ಷ ಹಣ್ಣು ತಿನ್ನಿ." ಕಾಂಡಕ್ಕೆ ಟೇಪ್ ಬೇರೆ ನೀಟಾಗಿ ಸುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಟೇಪ್ ಕಾಂಡವನ್ನು ಬಿಗಿಯುತ್ತಿತ್ತು. ಬ್ಲೇಡಿನಲ್ಲಿ ಮೆಲ್ಲಗೆ ಸೀಳಿ ಬಿಚ್ಚಿದೆ. ಒಳಗೆ ಏನೂ ಇಲ್ಲ. ಕೊಯ್ದ ಗುರುತಿಲ್ಲ, ಗಂಟಿಲ್ಲ, ಓರೆಯಿಲ್ಲ. ಬುಡದಿಂದ ತುದಿಯವರೆಗೆ ಒಂದೇ ಕಾಂಡ. ಬರೀ ಬೀಜದ ಗಿಡಕ್ಕೆ ಸುಮ್ನೆ ಟೇಪ್ ಸುತ್ತಿದ್ದಾನೆ! ಇನ್ನೊಂದನ್ನೂ ಬಿಚ್ಚಿದೆ. ಅದೂ ಹಾಗೇ. ಪಕ್ಕದಲ್ಲಿ ಅತ್ತೆ ನಿಂತು ನೋಡುತ್ತಿದ್ದರು. "ಪಟ್ಟಿ ಕಟ್ಟಿದ್ದಾನೆ, ಗಾಯವೇ ಇಲ್ಲ" ಅಂತ ನಕ್ಕರು. ನೆಂಟರಿಗೆಲ್ಲ ಜಪಾನ್ ಗಿಡ ಅಂತ ತೋರಿಸಿದ್ದೆ, ಮುಖ ಎಲ್ಲಿಡಲಿ?

ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ಅವನ ಉತ್ತರ ಕೇಳಿ.

"ಕಸಿ ಚೆನ್ನಾಗಿ ಕೂತಿದೆ ಅಕ್ಕ, ಅದಕ್ಕೇ ಗುರುತು ಕಾಣ್ತಿಲ್ಲ."

ಎರಡು ಗಿಡದಲ್ಲೂ ಮಾಯವಾಯಿತಾ ಅಂದೆ.

"ನಿಮ್ಮ ಕಡೆ ಮಳೆ ಜಾಸ್ತಿ ಅಲ್ವಾ."

ಮಳೆಗೆ ಕಸಿ ಗುರುತು ತೊಳೆದುಹೋಗುತ್ತದಾ? ಕೊನೆಗೆ "ಬೀಜದ ಗಿಡವೇ ಗಟ್ಟಿ ಅಕ್ಕ, ನೂರು ವರ್ಷ ಬಾಳುತ್ತೆ" ಅಂದ. ಅಂದರೆ ಒಪ್ಪಿಕೊಂಡ ಹಾಗಾಯಿತು. ದುಡ್ಡು ವಾಪಸ್ ಕೊಡು ಅಂದಿದ್ದಕ್ಕೆ ನೀಲಿ ಟಿಕ್ ಬಂತು, ಅಷ್ಟೇ. ಈಗ ಫೋನೂ ಎತ್ತುವುದಿಲ್ಲ.

ದುಡ್ಡಿಗಿಂತ ವರ್ಷಗಳು ಹೋಗುತ್ತವಲ್ಲ, ಅದೇ ಹೊಟ್ಟೆ ಉರಿ. ಬೀಜದ ಲಕ್ಕೋಟೆ ಹಣ್ಣು ಬಿಡಲು 8–10 ವರ್ಷವೂ ಆಗಬಹುದು. ಬಿಟ್ಟರೂ ತಾಯಿ ಮರದ ಗುಣ ಬರುತ್ತದೆ ಅನ್ನೋ ಭರವಸೆ ಇಲ್ಲ. ಹುಳಿ ಇರಬಹುದು, ತಿರುಳಿಗಿಂತ ಬೀಜವೇ ಜಾಸ್ತಿ ಇರಬಹುದು. ತಳಿ ಆರಿಸಿದ್ದಕ್ಕೆ ಅರ್ಥವೇ ಇಲ್ಲ.

ಹಾಗಾಗಿ ಚೀಟಿ ಓದಬೇಡಿ, ಕಾಂಡ ನೋಡಿ. ಮಣ್ಣಿನಿಂದ ಸ್ವಲ್ಪ ಮೇಲೆ ಜೋಡಣೆಯ ಗಂಟು ಕಾಣಬೇಕು. ಅಲ್ಲಿಂದ ಮೇಲೆ ಕೆಳಗೆ ತೊಗಟೆ ಸಾಮಾನ್ಯವಾಗಿ ಸ್ವಲ್ಪ ಬೇರೆ ಇರುತ್ತದೆ. ಟೇಪ್ ಬಿಚ್ಚು ಅನ್ನಿ. ಕೂತ ಕಸಿಗೆ ಬಿಚ್ಚಿದರೆ ಏನೂ ಆಗುವುದಿಲ್ಲ, ಕೂರದ ಕಸಿಯನ್ನು ಮಾರಬಾರದು. ಕೇಳಿದ ತಳಿಯೆಲ್ಲ ಇದೆ ಅನ್ನುವವನ ಹತ್ತಿರ ನಿಲ್ಲಲೇಬೇಡಿ. ಚೆಟ್ಟಳ್ಳಿಯ ಸರ್ಕಾರಿ ತೋಟಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ. ಅಲ್ಲಿ ಲಕ್ಕೋಟೆ ಸಿಗದಿದ್ದರೂ ನಿಜವಾದ ಕಸಿ ಗಿಡ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬಹುದು.

ಅಂದ ಹಾಗೆ, ಅದೇ ಪಿಕಪ್‌ನಲ್ಲಿ ಬಟರ್ ಫ್ರೂಟ್, ರಂಬುಟಾನ್ ಗಿಡಗಳಿಗೂ ಇದೇ ಟೇಪ್ ಇತ್ತು. ತಗೊಂಡವರು ಇವತ್ತೇ ಬಿಚ್ಚಿ ನೋಡಿ.