‘ಟರ್ಬೈನ್’ ಬೋಟು ಅಂತ 14 ಲಕ್ಷ ಕೊಟ್ಟೆ, ದಡಕ್ಕೆ ಎಳೆದು ತಂದಿದ್ದು ಹರಿಗೋಲು

ಕನ್ನಂಬಾಡಿ ಹಿನ್ನೀರಿನ ಕಡೆ ಜಮೀನು ಇರುವವರು, ಹೋಂಸ್ಟೇ ಮಾಡಿಕೊಂಡವರು, ‘ಒಂದು ಸ್ಪೀಡ್ ಬೋಟ್ ತಂದುಬಿಟ್ರೆ ಹೆಂಗೆ’ ಅಂತ ಲೆಕ್ಕ ಹಾಕುತ್ತಿರುವವರು ದಯವಿಟ್ಟು ಇದನ್ನು ಓದಿ. ಎರಡು ವರ್ಷದ ಹಿಂದೆ ನಾನೂ ನನ್ನ ಷಡ್ಡಕನೂ ಇದೇ ಲೆಕ್ಕ ಹಾಕಿದ್ದೆವು. ಆ ಬೋಟು ಈಗ ತೋಟದ ಶೆಡ್ಡಿನಲ್ಲಿದೆ. ರಾತ್ರಿ ಅದರ ಮೇಲೆ ಕೋಳಿಗಳು ಮಲಗುತ್ತವೆ.

ನಾನಿರುವುದು ಮೈಸೂರಿನಲ್ಲಿ. ಷಡ್ಡಕನಿಗೆ ಹಿನ್ನೀರಿನ ಹತ್ತಿರ ಎರಡು ಎಕರೆ ಇದೆ. ಶನಿವಾರ, ಭಾನುವಾರ ಬೆಂಗಳೂರಿನಿಂದ ಬರುವ ಕಾರುಗಳನ್ನು ನೋಡಿ ನೋಡಿ ಅವನಿಗೆ ಹೊಟ್ಟೆಯೊಳಗೆ ಏನೋ ಶುರುವಾಗಿತ್ತು. ಪೆಡಲ್ ಬೋಟು ಯಾರಿಗೆ ಬೇಕು, ಹುಡುಗರು ಕಿರುಚುವಂಥದ್ದು ಬೇಕು ಅನ್ನುತ್ತಿದ್ದ. ರಾತ್ರಿಯೆಲ್ಲ ಫೋನಿನಲ್ಲಿ ವಿಡಿಯೋ ನೋಡುವುದೇ ಕೆಲಸ. ಅಮೆರಿಕದಲ್ಲಿ ಹೈಡ್ರೋಪ್ಲೇನ್ ರೇಸ್ ಅಂತ ನಡೆಯುತ್ತದೆ. ಅದರ ದೊಡ್ಡ ಬೋಟುಗಳಲ್ಲಿ ಹೆಚ್ಚಿನವಕ್ಕೆ ಚಿನೂಕ್ ಹೆಲಿಕಾಪ್ಟರಿನ ಟಿ-55 ಟರ್ಬೈನ್ ಎಂಜಿನ್ ಇರುತ್ತದೆ. ಟರ್ಬೈನ್ ಅಂದರೆ ಪಿಸ್ಟನ್ ಇಲ್ಲದೆ, ಇಂಧನ ಸುಟ್ಟ ಬಿಸಿ ಗಾಳಿಯಿಂದ ರೆಕ್ಕೆಯ ಚಕ್ರ ತಿರುಗಿಸುವ ಎಂಜಿನ್. ನೀರು ಮುಟ್ಟಿಯೂ ಮುಟ್ಟದ ಹಾಗೆ ಹೋಗುತ್ತವೆ.

ಆಮೇಲೆ ಕೆನ್ ವಾರ್ಬಿ ಸಿಕ್ಕಿದರು. ಆಸ್ಟ್ರೇಲಿಯಾದವರು. ಮನೆಯ ಹಿತ್ತಲಿನಲ್ಲೇ ಬೋಟು ಕಟ್ಟಿ, ವಾಯುಪಡೆ ಹರಾಜು ಹಾಕಿದ್ದ ಹಳೇ ಜೆಟ್ ಎಂಜಿನ್ ಕೂರಿಸಿ, 1978ರಲ್ಲಿ ಗಂಟೆಗೆ 511 ಕಿ.ಮೀ. ವೇಗದಲ್ಲಿ ಓಡಿಸಿದವರು. ಆ ದಾಖಲೆ ಇವತ್ತಿಗೂ ಹಾಗೇ ಇದೆ. ಅವರು ಓಡಿಸಿದ್ದೂ ಒಂದು ಅಣೆಕಟ್ಟಿನ ಹಿನ್ನೀರಿನಲ್ಲಿ! ನಮಗೆ ಇನ್ನೇನು ಬೇಕು? ನಮ್ಮೂರಲ್ಲೂ ಅಣೆಕಟ್ಟೆ ಇದೆಯಲ್ಲ. ಆ ದಾಖಲೆ ಮುರಿಯಲು ಹೋದ ಇಬ್ಬರು, 1980ರಲ್ಲಿ ಒಬ್ಬರು, 1989ರಲ್ಲಿ ಇನ್ನೊಬ್ಬರು, ನೀರಿನಲ್ಲೇ ಸತ್ತರು ಅನ್ನುವುದನ್ನು ನಾನು ಓದಿದ್ದು ದುಡ್ಡು ಕೊಟ್ಟ ಮೇಲೆ.

ಒಬ್ಬ ದಲ್ಲಾಳಿ ಸಿಕ್ಕ. ಹೆಸರು ಬೇಡ. ಗೋವಾದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟರ್ಬೈನ್ ಬೋಟಿದೆ, ಇಡೀ ಕರ್ನಾಟಕದಲ್ಲಿ ಇಂಥದ್ದು ಇನ್ನೊಂದಿಲ್ಲ ಅಂದ. ಹೋಗಿ ನೋಡಿದೆವು. ಕೆಂಪು ಬಣ್ಣ, ಆರು ಸೀಟು. ಬೋಟಿನ ಹಿಂದೆ ಬಗ್ಗಿ ತೋರಿಸಿದ. “ಪ್ರೊಪೆಲ್ಲರ್ ಇದೆಯಾ ಸಾರ್? ಇಲ್ಲ ತಾನೇ? ಒಳಗೆ ನೋಡಿ, ರೆಕ್ಕೆ ಕಾಣ್ತದಲ್ಲ, ಅದೇ ಟರ್ಬೈನ್.” ನೋಡಿದೆ. ಉಕ್ಕಿನ ರೆಕ್ಕೆಗಳು ಫಳಫಳ ಹೊಳೆಯುತ್ತಿದ್ದವು. ಇಪ್ಪತ್ತು ನಿಮಿಷ ನದಿಯಲ್ಲಿ ಸುತ್ತಿಸಿದ. ಸಿಳ್ಳೆ ಹೊಡೆದ ಹಾಗೆ ಶಬ್ದ. ಷಡ್ಡಕ ಇಳಿದವನೇ ಜೇಬಿಗೆ ಕೈ ಹಾಕಿದ.

ಆವತ್ತು ನಾನು ಎರಡು ವಿಷಯ ಕಣ್ಣಾರೆ ನೋಡಿದ್ದೆ, ತಲೆಗೆ ಮಾತ್ರ ಹೋಗಲಿಲ್ಲ. ಒಂದು, ಕೀಲಿ ತಿರುಗಿಸಿದ ತಕ್ಷಣ ಎಂಜಿನ್ ಗರ್ ಅಂತ ಶುರುವಾಯಿತು. ಇನ್ನೊಂದು, ಅದಕ್ಕೆ ಕ್ಯಾನಿನಿಂದ ಸುರಿದದ್ದು ಪೆಟ್ರೋಲ್. ಇದರ ಅರ್ಥ ಮುಂದೆ ಹೇಳುತ್ತೇನೆ.

ಲಾರಿ ಬಾಡಿಗೆ ಬಿಟ್ಟು 14 ಲಕ್ಷ. ಮನೆಗೆ ತಂದು ಪೂಜೆ ಮಾಡಿಸಿದೆವು, ನಿಂಬೆಹಣ್ಣು ಇಟ್ಟು ತುಳಿಸಲು ಚಕ್ರವೇ ಇರಲಿಲ್ಲ, ಟ್ರೇಲರ್ ಚಕ್ರಕ್ಕೆ ಇಟ್ಟೆವು. ಹಿನ್ನೀರಿಗೆ ಇಳಿಸಲು ಅನುಮತಿ ಇರಲಿಲ್ಲ. ಹಾಗಾಗಿ ಪಾಂಡವಪುರದ ಕಡೆ ನೆಂಟರ ಊರಿನ ಕೆರೆಗೆ ಬೆಳಗಿನ ಜಾವ ತೆಗೆದುಕೊಂಡು ಹೋದೆವು. ಯಾರನ್ನೂ ಕೇಳದೆ ಇಳಿಸಿದ್ದು ತಪ್ಪೇ, ಒಪ್ಪುತ್ತೇನೆ.

ಐದು ನಿಮಿಷ ಸ್ವರ್ಗ. ಆರನೇ ನಿಮಿಷಕ್ಕೆ ಎಂಜಿನ್ ಕೂಗುತ್ತಿದೆ, ಬೋಟು ಮಾತ್ರ ಕದಲುತ್ತಿಲ್ಲ. ಷಡ್ಡಕ ಇನ್ನಷ್ಟು ಒತ್ತಿದ. ಸುಟ್ಟ ರಬ್ಬರಿನ ವಾಸನೆ ಬಂತು. ಕೆರೆಯ ನಡುವೆ, ಅಂತರಗಂಗೆಯ ಮಧ್ಯೆ ನಿಂತುಬಿಟ್ಟೆವು. ಮುಕ್ಕಾಲು ಗಂಟೆ ಆದ ಮೇಲೆ ಮೀನು ಹಿಡಿಯುವ ಅಜ್ಜ ಒಬ್ಬರು ಹರಿಗೋಲಿನಲ್ಲಿ ಬಂದರು. “ಎಣ್ಣೆ ಮುಗೀತಾ ಸ್ವಾಮಿ?” ಅಂದರು. ಹಗ್ಗ ಕಟ್ಟಿ, ಬೀಡಿ ಬಾಯಲ್ಲಿಟ್ಟುಕೊಂಡೇ, ಹುಟ್ಟು ಹಾಕುತ್ತ ದಡಕ್ಕೆ ಎಳೆದು ತಂದರು. ದಡದಲ್ಲಿ ಅಷ್ಟು ಹೊತ್ತಿಗೆ ಅರ್ಧ ಊರು ಸೇರಿತ್ತು.

ನನ್ನ ಹೆಂಡತಿಯ ಚಿಕ್ಕಪ್ಪ ವಾಯುಪಡೆಯಲ್ಲಿದ್ದವರು. ಚೇತಕ್ ಹೆಲಿಕಾಪ್ಟರಿನ ಎಂಜಿನ್ ಬಿಚ್ಚಿ ಜೋಡಿಸುವುದೇ ಅವರ ಕೆಲಸವಾಗಿತ್ತು. ಮೊದಲೇ ಅವರನ್ನು ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿದ್ದೇ ಕೇಳಿರಲಿಲ್ಲ. ಬಂದರು, ಮುಚ್ಚಳ ತೆಗೆಸಿದರು, ಎರಡು ನಿಮಿಷ ಟಾರ್ಚ್ ಬಿಟ್ಟು ನೋಡಿದರು.

“ಅಳಿಯಂದ್ರೇ, ಇದರಲ್ಲಿ ಟರ್ಬೈನ್ ಎಲ್ಲಿದೆ, ಸ್ವಲ್ಪ ತೋರಿಸಿ.”

ಹಿಂದಿನ ರೆಕ್ಕೆ ತೋರಿಸಿದೆ. ಅದು ಇಂಪೆಲ್ಲರ್ ಅಂತೆ. ನಮ್ಮ ಬೋರ್‌ವೆಲ್ ಪಂಪಿನೊಳಗೆ ಇರುವಂಥದ್ದೇ. ತಳದಿಂದ ನೀರು ಎಳೆದು ಹಿಂದಕ್ಕೆ ಜೋರಾಗಿ ಚಿಮ್ಮಿಸುತ್ತದೆ, ಆ ತಳ್ಳುವಿಕೆಗೆ ಬೋಟು ಮುಂದೆ ಹೋಗುತ್ತದೆ. ಇದಕ್ಕೆ ವಾಟರ್ ಜೆಟ್ ಅನ್ನುತ್ತಾರೆ. ಅದನ್ನು ತಿರುಗಿಸುತ್ತಿದ್ದದ್ದು ನಾಲ್ಕು ಸಿಲಿಂಡರಿನ ಮಾಮೂಲಿ ಪೆಟ್ರೋಲ್ ಎಂಜಿನ್. ಚಿಕ್ಕಮಾವ ಸ್ಪಾರ್ಕ್ ಪ್ಲಗ್ ಬಿಚ್ಚಿ ನನ್ನ ಕೈಗಿಟ್ಟರು. ಅಂತರಗಂಗೆಯ ಬೇರು ಒಳಗೆ ಸುತ್ತಿಕೊಂಡು ನೀರಿನ ದಾರಿ ಮುಚ್ಚಿತ್ತು. ಜೊತೆಗೆ ಕೆರೆಯ ಮರಳು ಇಂಪೆಲ್ಲರಿನ ಅಂಚನ್ನು ಅರೆದುಹಾಕಿತ್ತು. ಇಂಥ ಬೋಟಿನ ಮಾರುಕಟ್ಟೆ ಬೆಲೆ ಆರೇಳು ಲಕ್ಷ. ಉಳಿದ ಏಳು ಲಕ್ಷ ನಾವು ಕೊಟ್ಟದ್ದು ‘ಟರ್ಬೈನ್’ ಅನ್ನುವ ಪದಕ್ಕೆ.

ದಲ್ಲಾಳಿಗೆ ಫೋನ್ ಮಾಡಿದೆ. ಬೈದೆ. ಅವನ ತಾಳ್ಮೆ ಮೆಚ್ಚಬೇಕು. “ಬೇಜಾರಾಗಬೇಡಿ ಸಾರ್, ಅಸಲಿ ಟರ್ಬೈನೇ ಕೊಡಿಸ್ತೀನಿ, ಅಮೆರಿಕದ ಸೈನ್ಯದ ಹಳೇ ಹೆಲಿಕಾಪ್ಟರ್ ಎಂಜಿನ್, ಹತ್ತು ಲಕ್ಷ ಮೇಲೆ ಹಾಕಿ” ಅಂದ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಒಂದು ಕ್ಷಣ ಆಸೆಯಾಯಿತು. ಚಿಕ್ಕಮಾವನ ಮುಂದೆ ಬಾಯಿಬಿಟ್ಟೆ. ಕಾಫಿ ಕುಡಿಯುತ್ತ ಒಂದು ಗಂಟೆ ಪಾಠ ಮಾಡಿದರು.

ಟರ್ಬೈನನ್ನು ಅವರು ಬೈಯಲಿಲ್ಲ. ಅದರ ಮೇಲೆ ಅವರಿಗೆ ಪ್ರೀತಿ ಜಾಸ್ತಿ. ವಿಯೆಟ್ನಾಂ ಯುದ್ಧದ ಹ್ಯೂಯಿ ಹೆಲಿಕಾಪ್ಟರಿನ ಟಿ-53 ಎಂಜಿನನ್ನೇ ತೆಗೆದುಕೊಳ್ಳಿ ಅಂದರು. ಅಮೆರಿಕದಲ್ಲಿ ಶೋಕಿಯವರು ಬೋಟಿಗೆ ಹಾಕುವುದೂ ಅದನ್ನೇ. ತೂಕ ಸುಮಾರು 250 ಕೆ.ಜಿ., ಶಕ್ತಿ 1400 ಹಾರ್ಸ್‌ಪವರ್. ಅಷ್ಟೇ ಶಕ್ತಿಯ ಡೀಸೆಲ್ ಎಂಜಿನ್ ಟನ್‌ಗಟ್ಟಲೆ ತೂಗುತ್ತದೆ. ಪಿಸ್ಟನ್ ಮೇಲೆ ಕೆಳಗೆ ಬಡಿಯುವುದಿಲ್ಲವಾದ್ದರಿಂದ ನಡುಕವೇ ಇಲ್ಲ. ಸೀಮೆಎಣ್ಣೆಯಂಥ ವಿಮಾನದ ಇಂಧನದಲ್ಲೂ ಓಡುತ್ತದೆ, ಡೀಸೆಲ್ಲಿನಲ್ಲೂ ಓಡುತ್ತದೆ. ಸರಿಯಾಗಿ ನೋಡಿಕೊಂಡರೆ ಸಾವಿರಾರು ಗಂಟೆ ಬಾಳುತ್ತದೆ.

“ನೋಡಿಕೊಳ್ಳೋರು ಯಾರು? ನಾನು ಇನ್ನೆಷ್ಟು ದಿನ ಇರ್ತೀನಿ?” ಅಂದರು.

ಶುರು ಮಾಡುವುದೇ ಒಂದು ವಿದ್ಯೆ. ಮೊದಲು ಸ್ಟಾರ್ಟರ್ ಮೋಟಾರು ಎಂಜಿನ್ ಒಳಗಿನ ಚಕ್ರವನ್ನು ತಿರುಗಿಸಬೇಕು, ಗಾಳಿ ಸಾಕಷ್ಟು ಬಂದ ಮೇಲೆ ಇಂಧನ, ಬೆಂಕಿ. ಅರ್ಧ ನಿಮಿಷ ಬೇಕು. ಗೋವಾದಲ್ಲಿ ಕೀಲಿ ತಿರುಗಿಸಿದ ತಕ್ಷಣ ಶುರುವಾದದ್ದು, ಪೆಟ್ರೋಲ್ ಸುರಿದದ್ದು, ಎರಡೂ ಅದು ಟರ್ಬೈನ್ ಅಲ್ಲ ಅನ್ನುವುದರ ಗುರುತಾಗಿದ್ದವು. ಬ್ಯಾಟರಿ ಸ್ವಲ್ಪ ಸೊರಗಿದ್ದರೆ ಗಾಳಿ ಕಡಿಮೆಯಾಗಿ ಒಳಗಿನ ಶಾಖ ಮಿತಿಮೀರುತ್ತದೆ. ಕೆಲವೇ ಸೆಕೆಂಡಿನಲ್ಲಿ ಒಳಗಿನ ರೆಕ್ಕೆಗಳು ಸುಟ್ಟುಹೋಗುತ್ತವೆ. ರಿಪೇರಿ ಖರ್ಚಿನಲ್ಲಿ ಹೊಸ ಕಾರು ಬರುತ್ತದೆ. ಆ ಚಕ್ರ ನಿಮಿಷಕ್ಕೆ 25 ಸಾವಿರ ಸುತ್ತು ತಿರುಗುತ್ತದೆ, ನೀರಿನ ಹನಿಯೂ ಧೂಳೂ ಅದಕ್ಕೆ ಶತ್ರು. ಬೋಟಿನಲ್ಲಿ ನೀರಿನ ಹನಿ ತಪ್ಪಿಸಲು ಆಗುತ್ತದೆಯೇ? ಹೊಗೆ ಕೊಳವೆಯಿಂದ ಬರುವ ಗಾಳಿ 500-600 ಡಿಗ್ರಿ. ದಡದಲ್ಲಿ ಮಕ್ಕಳು ನಿಂತಿರುತ್ತಾರೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಎಂಜಿನ್ ಮಾತು ಕೇಳುವುದಿಲ್ಲ, ಒಂದೆರಡು ಕ್ಷಣ ತಡವಾಗಿ ಶಕ್ತಿ ಬರುತ್ತದೆ. ಅಭ್ಯಾಸ ಇಲ್ಲದವನು ಇನ್ನೂ ಒತ್ತುತ್ತಾನೆ, ಆಮೇಲೆ ಎಲ್ಲ ಒಟ್ಟಿಗೆ ಬರುತ್ತದೆ.

ಕೊನೆಗೆ ಇಂಧನದ ಲೆಕ್ಕ. ಪೂರ್ತಿ ಶಕ್ತಿಯಲ್ಲಿ ಗಂಟೆಗೆ 400 ಲೀಟರಿಗೂ ಮೇಲೆ. ಹತ್ತು ನಿಮಿಷದ ಒಂದು ಸುತ್ತಿಗೆ 70 ಲೀಟರ್ ಹಿಡಿಯಿರಿ. ಡೀಸೆಲ್ಲೇ ಆರು ಸಾವಿರ ರೂಪಾಯಿ ದಾಟುತ್ತದೆ. ನಾವು ಒಬ್ಬರಿಗೆ 500 ರೂಪಾಯಿ ಟಿಕೆಟ್ ಅಂದುಕೊಂಡಿದ್ದೆವು.

ಹಳೇ ಸೈನ್ಯದ ಎಂಜಿನ್ ಯಾಕೆ ಅಗ್ಗ ಅಂತಲೂ ಹೇಳಿದರು. ಒಳಗಿನ ಚಕ್ರಗಳಿಗೆ ಇಷ್ಟು ಗಂಟೆ, ಇಷ್ಟು ಸಲ ಶುರು ಅಂತ ಆಯಸ್ಸು ಬರೆದಿರುತ್ತದೆ. ಆ ಆಯಸ್ಸು ಮುಗಿಯುತ್ತ ಬಂದ ಎಂಜಿನ್ ಅಗ್ಗಕ್ಕೆ ಬರುತ್ತದೆ. ಎಷ್ಟು ಉಳಿದಿದೆ ಅನ್ನುವುದು ಎಂಜಿನ್ ಓಡಿದ ಲೆಕ್ಕ ಬರೆಯುವ ಲಾಗ್ ಬುಕ್ಕಿನಲ್ಲಿ ಇರುತ್ತದೆ. ದಲ್ಲಾಳಿಯನ್ನು ಲಾಗ್ ಬುಕ್ ಕೇಳಿದೆ. “ಎಂಜಿನ್ ಜೊತೆ ಬರ್ತದೆ ಸಾರ್” ಅಂದ. ಅದಾದ ಮೇಲೆ ಅವನ ನಂಬರು ಹೋಗುತ್ತಿಲ್ಲ.

ಇನ್ನು ಅನುಮತಿಯ ವಿಷಯ. ಇದನ್ನು ದುಡ್ಡು ಕೊಡುವ ಮೊದಲು ಕೇಳಬೇಕಿತ್ತು, ನಾವು ಆಮೇಲೆ ಕೇಳಿದೆವು. ಕನ್ನಂಬಾಡಿ ನೀರು ಮೈಸೂರಿಗೂ ಬೆಂಗಳೂರಿಗೂ ಕುಡಿಯಲು ಹೋಗುವ ನೀರು. ಅಲ್ಲಿ ಎಂಜಿನ್ ಬೋಟು ಇಳಿಸುವುದು ನಮ್ಮ ಜಮೀನಿನ ಅಂಚಿನಲ್ಲಿ ನೀರಿದೆ ಅನ್ನುವ ಹಕ್ಕಿನ ಮೇಲೆ ಆಗುವುದಿಲ್ಲ. 2021ರ ಒಳನಾಡು ಹಡಗು ಕಾಯ್ದೆ ಬಂದ ಮೇಲೆ ಬೋಟಿಗೆ ತಪಾಸಣೆ, ನೋಂದಣಿ, ವಿಮೆ ಎಲ್ಲ ಬೇಕು. ನಮ್ಮ ಕೈಯಲ್ಲಿದ್ದದ್ದು ಒಂದು ರಸೀದಿ. ಇನ್ನು ಜಾಗ. ಅಣೆಕಟ್ಟೆ 124.80 ಅಡಿ ತುಂಬಿದಾಗ ಷಡ್ಡಕನ ಬೇಲಿಯ ಪಕ್ಕದಲ್ಲೇ ಅಲೆ ಬಡಿಯುತ್ತದೆ. ಏಪ್ರಿಲ್ ಹೊತ್ತಿಗೆ ಅದೇ ಜಾಗದಲ್ಲಿ ದನ ಮೇಯುತ್ತವೆ, ನೀರು ನೋಡಲು ಕೆಸರು, ಕಲ್ಲು, ಮರದ ಬುಡ ದಾಟಿ ನಡೆಯಬೇಕು. ಬೋಟು ಬಂದಾಗ ಜೂನ್ ತಿಂಗಳು. ವರ್ಷದಲ್ಲಿ ಎಷ್ಟು ತಿಂಗಳು ಓಡಿಸಬಹುದು ಅಂತ ನಾವಿಬ್ಬರೂ ಬೆರಳು ಮಡಿಸಿ ಎಣಿಸಿದ್ದು ಆಗಲೇ.

ಇಂಪೆಲ್ಲರ್ ಬದಲಿಸಿ ಬೋಟನ್ನು ಮಾರಾಟಕ್ಕೆ ಇಟ್ಟಿದ್ದೇನೆ. ಹೋದ ವಾರ ಹುಣಸೂರಿನ ಕಡೆಯ ಹುಡುಗನೊಬ್ಬ ಫೋನ್ ಮಾಡಿದ. ದನಿಯಲ್ಲೇ ಉತ್ಸಾಹ ಕಾಣುತ್ತಿತ್ತು.

“ಅಣ್ಣಾ, ಟರ್ಬೈನ್ ಬೋಟಂತೆ?”

“ಇಲ್ಲಪ್ಪ, ಪೆಟ್ರೋಲ್ ಎಂಜಿನ್. ಹಿಂದೆ ಪಂಪಿದೆ, ಅಷ್ಟೇ. ಅಂತರಗಂಗೆ ಇದ್ರೆ ನಿಂತುಹೋಗುತ್ತೆ.”

ಸ್ವಲ್ಪ ಹೊತ್ತು ಸುಮ್ಮನಿದ್ದ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದ. ಇನ್ನೂ ಫೋನ್ ಬಂದಿಲ್ಲ.